ಯಾವೂರು ಎಂದು ಕೇಳಿದವರು

ಐರ್ಲೆಂಡಿನ ಹಳೆಯ ದಾಖಲೆಗಳ ಮಾತು ಬಂದಾಗಲೆಲ್ಲ ಜನ ಮೊದಲು ಹೇಳುವುದು ಬೆಂಕಿಯ ಕಥೆಯನ್ನು. 1922ರ ಏಪ್ರಿಲ್‌ನಲ್ಲಿ, ಬ್ರಿಟನ್ನಿನ ಜೊತೆಗಿನ ಒಪ್ಪಂದವನ್ನು ಒಪ್ಪದ ಹೋರಾಟಗಾರರು ಡಬ್ಲಿನ್ನಿನಲ್ಲಿ ಲಿಫಿ ನದಿಯ ದಂಡೆಯ ಮೇಲಿರುವ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯಗಳ ಸಮುಚ್ಚಯವನ್ನು ಹಿಡಿದು ಕುಳಿತರು. ಸರ್ಕಾರದ ದಾಖಲೆ ಭಂಡಾರ ಇದ್ದದ್ದೂ ಅದೇ ಆವರಣದಲ್ಲಿ. ಜೂನ್ 28ರಂದು ಹೊಸ ಸರ್ಕಾರದ ಸೈನ್ಯ ಫಿರಂಗಿ ಹಚ್ಚಿತು. 30ರಂದು ಒಂದು ಭಾರೀ ಸ್ಫೋಟ. ಶತಮಾನಗಳ ಕಾಗದ, ಚರ್ಮಪತ್ರ ಎಲ್ಲ ಒಂದೇ ಮಧ್ಯಾಹ್ನದಲ್ಲಿ ಹೋದವು. ಅರೆಸುಟ್ಟ ಹಾಳೆಗಳು ಗಾಳಿಯಲ್ಲಿ ತೇಲಿ, ಊರಾಚೆ ಸಮುದ್ರದ ಬದಿಯಲ್ಲಿರುವ ಹೌತ್ ಗುಡ್ಡದವರೆಗೂ ಹೋಗಿ ಬಿದ್ದವಂತೆ.

ಕಥೆ ನಿಜ. ಆದರೆ ಹೋದದ್ದರ ಪಟ್ಟಿಯನ್ನು ಸಾವಧಾನವಾಗಿ ನೋಡಿದರೆ ಬೆಂಕಿಯ ಪಾಲಿಗೆ ಬಾರದ ಪಾಪವೂ ಅದರಲ್ಲಿ ಸೇರಿಕೊಂಡಿದೆ. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಮೂಲ ಹಾಳೆಗಳು ಅಲ್ಲಿ ಸುಟ್ಟದ್ದು ಹೌದು, ಚೂರುಪಾರು ಮಾತ್ರ ಉಳಿಯಿತು. 1861 ಮತ್ತು 1871ರ ಗಣತಿಯ ಹಾಳೆಗಳನ್ನು ಮಾತ್ರ ಸರ್ಕಾರವೇ, ಲೆಕ್ಕ ತೆಗೆದುಕೊಂಡ ಮೇಲೆ ಇನ್ನೇಕೆ ಎಂದು, ನಾಶ ಮಾಡಿತ್ತು. 1881 ಮತ್ತು 1891ರವನ್ನು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿಗೆ ಹಾಕಿ ತಿರುಳು ಮಾಡಿದರು. ಹೀಗಾಗಿ ಇಡೀ ದೇಶದ ಮನೆಮನೆಯ ಹೆಸರು ಸಿಗುವ ಅತಿ ಹಳೆಯ ಗಣತಿ 1901ರದು. ಅಷ್ಟರಲ್ಲಿ ಯಾರನ್ನು ಹುಡುಕಬೇಕೋ ಅವರಲ್ಲಿ ಬಹುಪಾಲು ಜನ ದೇಶ ಬಿಟ್ಟು ಅರ್ಧ ಶತಮಾನವಾಗಿತ್ತು.

ನನಗೆ ಐರ್ಲೆಂಡಿನಲ್ಲಿ ನೆಂಟರಿಲ್ಲ. ಆದರೂ ಕೆಲವು ವರ್ಷಗಳಿಂದ ರಾತ್ರಿ ಹೊತ್ತು, ಕೆಲಸದ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ, ಅವರ ಹಳೆಯ ಚರ್ಚು ಪುಸ್ತಕಗಳ ಚಿತ್ರಗಳನ್ನು ನೋಡುವ ಚಟ ಹತ್ತಿದೆ. ಊರು ಬಿಟ್ಟವರ ಚರಿತ್ರೆಯನ್ನು ಇಷ್ಟು ಹಟದಿಂದ ಹುಡುಕುವ ಜನ ಇನ್ನೆಲ್ಲೂ ಇಲ್ಲವೇನೋ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಕೋಟಿಗಟ್ಟಲೆ ಮಂದಿ ತಮ್ಮನ್ನು ಐರಿಷ್ ಮೂಲದವರೆಂದು ಹೇಳಿಕೊಳ್ಳುತ್ತಾರೆ. ಅವರಲ್ಲಿ ಬಹಳ ಜನರಿಗೆ ಮುತ್ತಜ್ಜ ಬಂದದ್ದು ಐರ್ಲೆಂಡಿನಿಂದ ಎನ್ನುವುದಷ್ಟೇ ಗೊತ್ತು, ಯಾವೂರು ಎಂಬುದು ಗೊತ್ತಿಲ್ಲ. ನಾವು ಮಾಟುಂಗದಲ್ಲೋ ಸಿಕಂದರಾಬಾದಿನಲ್ಲೋ ಒಬ್ಬ ಕನ್ನಡಿಗ ಸಿಕ್ಕ ಕೂಡಲೇ ಕೇಳುವ ಮೊದಲ ಪ್ರಶ್ನೆ ಇದೆಯಲ್ಲ, ಅದಕ್ಕೆ ಉತ್ತರ ಸಿಗದೆ ಅವರ ಹುಡುಕಾಟವೆಲ್ಲ ನಿಂತುಬಿಡುತ್ತದೆ. ಅಟ್ಲಾಂಟಿಕ್‌ನ ಆಚೆಗಿನ ಚರ್ಚು ಪುಸ್ತಕಕ್ಕೂ ಈಚೆಗಿನ ಹಡಗಿನ ಪಟ್ಟಿಗೂ ನಡುವೆ ಇರುವ ಏಕೈಕ ಸೇತುವೆ ಊರಿನ ಹೆಸರು. ಅದನ್ನು ಯಾರು ಬರೆದಿಟ್ಟರು, ಯಾಕೆ ಬರೆದಿಟ್ಟರು ಎಂಬುದೇ ನನ್ನನ್ನು ಹಿಡಿದಿಟ್ಟ ವಿಷಯ.

ಮೊದಲು ಚರ್ಚಿನ ಕಡೆ. ಐರ್ಲೆಂಡಿನಲ್ಲಿ ಐವರಲ್ಲಿ ಸುಮಾರು ನಾಲ್ವರು ಕ್ಯಾಥೊಲಿಕರು. ಆದರೆ ರಾಜ್ಯದ ಅಧಿಕೃತ ಧರ್ಮಸಂಸ್ಥೆ ಮಾತ್ರ ಪ್ರಾಟೆಸ್ಟೆಂಟರ ಚರ್ಚ್ ಆಫ್ ಐರ್ಲೆಂಡ್. ತನಗೆ ಸೇರದ ಚರ್ಚಿಗೆ ರೈತ ದಶಾಂಶ ತೆರಬೇಕಿತ್ತು. ಆ ವಸೂಲಿಗಾಗಿ 1823ರಿಂದ ಮುಂದೆ ತಯಾರಿಸಿದ ಪುಸ್ತಕಗಳು ಇಂದು ವಂಶ ಹುಡುಕುವವರಿಗೆ ಆಧಾರ, ಅದು ಬೇರೆ ಮಾತು. 1869ರ ಕಾನೂನಿನಿಂದ ಈ ಚರ್ಚಿನ ಅಧಿಕೃತ ಸ್ಥಾನ ರದ್ದಾಯಿತು, 1871ರ ಜನವರಿ 1ರಿಂದ ಅದು ಜಾರಿಗೆ ಬಂತು. ಅದರ ಹಿಂದೆಯೇ ಇನ್ನೊಂದು ಕಾನೂನು. ಹಳೆಯ ಜ್ಞಾನಸ್ನಾನ, ಮದುವೆ, ಸಮಾಧಿಯ ಪುಸ್ತಕಗಳು ಸರ್ಕಾರಿ ದಾಖಲೆಗಳು, ಅವನ್ನು ಡಬ್ಲಿನ್ನಿನ ಭಂಡಾರಕ್ಕೆ ತಂದೊಪ್ಪಿಸಬೇಕು, ಊರಲ್ಲೇ ಭದ್ರ ಕಪಾಟಿನ ವ್ಯವಸ್ಥೆ ಇದ್ದರೆ ಮಾತ್ರ ಇಟ್ಟುಕೊಳ್ಳಬಹುದು ಎಂದು. ಹೇಳಿದ ಮಾತು ಕೇಳಿ ಸುಮಾರು ಸಾವಿರ ಪ್ಯಾರಿಷ್‌ಗಳವರು ಪುಸ್ತಕಗಳನ್ನು ತಂದೊಪ್ಪಿಸಿದರು. 1922ರಲ್ಲಿ ಅವೆಲ್ಲ ಹೆಚ್ಚುಕಡಿಮೆ ಪೂರ್ತಿ ಸುಟ್ಟವು. ಹೇಗೋ ಕಪಾಟು ಹೊಂದಿಸಿಕೊಂಡು ಊರಲ್ಲೇ ಇಟ್ಟುಕೊಂಡವರದು, ಒಪ್ಪಿಸುವ ಮೊದಲು ಪಾದ್ರಿ ಕೈಯಾರೆ ನಕಲು ಮಾಡಿಟ್ಟುಕೊಂಡದ್ದು, ಇವು ಉಳಿದವು.

ಕ್ಯಾಥೊಲಿಕ್ ಪುಸ್ತಕಗಳ ವಿಚಾರವೇ ಬೇರೆ. ಅವನ್ನು ಸರ್ಕಾರ ಯಾವತ್ತೂ ಸರ್ಕಾರಿ ದಾಖಲೆ ಎಂದು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹದಿನೆಂಟನೆಯ ಶತಮಾನದಲ್ಲಂತೂ ಕ್ಯಾಥೊಲಿಕರ ಮೇಲೆ ಆಸ್ತಿ, ಶಿಕ್ಷಣ, ಉದ್ಯೋಗ ಎಲ್ಲದರಲ್ಲೂ ನಿರ್ಬಂಧದ ಕಾನೂನುಗಳಿದ್ದವು. ಪ್ರತಿ ಪಾದ್ರಿ ಜ್ಞಾನಸ್ನಾನ ಮತ್ತು ಮದುವೆಗಳನ್ನು ಬರೆದಿಡಬೇಕೆಂದು ಹದಿನಾರನೆಯ ಶತಮಾನದ ಟ್ರೆಂಟ್ ಮಹಾಸಭೆಯೇ ವಿಧಿಸಿದ್ದರೂ, ಸರಿಯಾದ ಚರ್ಚು ಕಟ್ಟಡವೇ ಇಲ್ಲದ ಪಾದ್ರಿ ಪುಸ್ತಕ ಎಲ್ಲಿಡುತ್ತಾನೆ? ವೆಕ್ಸ್‌ಫರ್ಡ್ ಪಟ್ಟಣದಂಥ ಕಡೆ 1671ರಷ್ಟು ಹಳೆಯ ಪುಸ್ತಕ ಉಳಿದಿರುವುದು ಅಪರೂಪದ ಭಾಗ್ಯ. ಪಶ್ಚಿಮ ಕರಾವಳಿಯ ಬಡ ಪ್ಯಾರಿಷ್‌ಗಳಲ್ಲಿ 1820ರ ನಂತರ, ಕೆಲವೆಡೆ 1850ರ ನಂತರ ಮಾತ್ರ ಬರಹ ಶುರು. ಅಂದರೆ ಯಾವ ಪ್ರದೇಶದಿಂದ ಹೆಚ್ಚು ಜನ ಹಡಗು ಹತ್ತಿದರೋ ಅಲ್ಲಿಯ ಪುಸ್ತಕಗಳೇ ಅತಿ ಎಳೆಯವು. ಆದರೆ ಇದ್ದಷ್ಟೂ ಪಾದ್ರಿಗಳ ಮನೆಗಳಲ್ಲೇ ಇದ್ದವು, ಹಾಗಾಗಿ ಬದುಕಿಕೊಂಡವು. 1950ರ ದಶಕದಿಂದ ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಇವನ್ನು ಮೈಕ್ರೋಫಿಲ್ಮ್ ಮಾಡಿಸಿತು. 2015ರ ಜುಲೈಯಲ್ಲಿ 1,086 ಪ್ಯಾರಿಷ್‌ಗಳ 3,70,000ಕ್ಕೂ ಹೆಚ್ಚು ಚಿತ್ರಗಳನ್ನು ಯಾರು ಬೇಕಾದರೂ ಬಿಟ್ಟಿಯಾಗಿ ನೋಡುವಂತೆ ಅಂತರ್ಜಾಲಕ್ಕೆ ಹಾಕಿತು. ಸರಿಸುಮಾರು 1880ರವರೆಗಿನ ದಾಖಲೆಗಳು ಅಲ್ಲಿವೆ. ಪುಣೆಯಲ್ಲಿ ಕುಳಿತವನಿಗೂ ಗಾಲ್ವೇಯಲ್ಲಿ ಕುಳಿತವನಿಗೂ ಒಂದೇ ಬಾಗಿಲು.

ಆ ಹಾಳೆಗಳು ನೋಡಲು ಸುಂದರವೇನಲ್ಲ. ಮಸಿ ಹರಡಿದೆ, ಅಂಚು ಹರಿದಿದೆ, ಕೆಲವೆಡೆ ತೇವ ಹಿಡಿದು ಅರ್ಧ ಪುಟ ಕಪ್ಪಾಗಿದೆ. ಒಂದು ಜ್ಞಾನಸ್ನಾನಕ್ಕೆ ಒಂದು ಸಾಲು. ದಿನಾಂಕ, ಮಗುವಿನ ಹೆಸರು, ಅಪ್ಪ, ಅಮ್ಮ, ಜ್ಞಾನತಂದೆ, ಜ್ಞಾನತಾಯಿ, ಪಾದ್ರಿಗೆ ಪುರುಸೊತ್ತಿದ್ದರೆ ವಾಸದ ಊರು. ನನಗೆ ಬಹಳ ಹಿಡಿಸಿದ ವಿಷಯವೆಂದರೆ ಅಮ್ಮನ ಹೆಸರಿನ ಜೊತೆ ಆಕೆಯ ತವರಿನ ಕುಲನಾಮ ಇರುವುದು. ಪ್ರಾಟೆಸ್ಟೆಂಟ್ ಪುಸ್ತಕಗಳಲ್ಲಿ ಸಾಮಾನ್ಯವಾಗಿ ತಾಯಿಯ ಬರೀ ಮೊದಲ ಹೆಸರು ಸಿಗುತ್ತದೆ. ಕ್ಯಾಥೊಲಿಕ್ ಪಾದ್ರಿಗೆ ನೆಂಟಸ್ತಿಕೆಯ ಚಿಂತೆ. ನಾಳೆ ಈ ಮಗು ದೊಡ್ಡದಾಗಿ ಪಕ್ಕದ ಹಳ್ಳಿಯಲ್ಲಿ ಮದುವೆಗೆ ನಿಂತಾಗ ರಕ್ತಸಂಬಂಧ ಎಷ್ಟು ಹತ್ತಿರದ್ದು ಎಂದು ಲೆಕ್ಕ ಹಾಕಬೇಕು, ಹತ್ತಿರವಾದರೆ ಬಿಷಪ್ಪರಿಂದ ವಿನಾಯಿತಿ ತರಬೇಕು. ಮದುವೆಯ ಸಾಲಿನ ಪಕ್ಕ ಆ ವಿನಾಯಿತಿಯ ಟಿಪ್ಪಣಿ ಎಷ್ಟೋ ಕಡೆ ಕಾಣುತ್ತದೆ. ನಮ್ಮ ಕಡೆಯ ಹಿರಿಯರು ಗೋತ್ರ, ಬೆಡಗು, ಬಳಿ ಎಂದು ಬಾಯಲ್ಲಿ ಇಟ್ಟುಕೊಂಡದ್ದನ್ನು ಅವರು ಪುಸ್ತಕದಲ್ಲಿ ಇಟ್ಟುಕೊಂಡರು. ಜ್ಞಾನತಂದೆ, ಜ್ಞಾನತಾಯಿಯರೂ ಬಹಳ ಸಲ ನೆಂಟರೇ. ಹಾಗಾಗಿ ಒಂದು ಸಾಲಿನಲ್ಲಿ ನಾಲ್ಕು ಮನೆತನಗಳ ಸುಳಿವು ಸಿಗಬಹುದು.

ಇಲ್ಲದಿರುವುದು ಸಾವು. ಕ್ಯಾಥೊಲಿಕ್ ಪ್ಯಾರಿಷ್‌ಗಳಲ್ಲಿ ಸಮಾಧಿಯ ಪುಸ್ತಕ ಇಟ್ಟವರು ಕಡಿಮೆ. ಹಾಗಾಗಿ ಮಹಾಕ್ಷಾಮದ ವರ್ಷಗಳ ಪುಸ್ತಕ ತೆರೆದರೆ, ಸತ್ತವರು ಕಾಣುವುದು ಖಾಲಿಯಾಗಿ. 1845ಕ್ಕೆ ಮೊದಲು ಪುಟ ತುಂಬಿ ತುಳುಕುತ್ತಿದ್ದ ಪ್ಯಾರಿಷ್‌ನಲ್ಲಿ 1848ರ ಹೊತ್ತಿಗೆ ಜ್ಞಾನಸ್ನಾನಗಳು ಇಳಿದುಹೋಗಿರುತ್ತವೆ. ಆಲೂಗಡ್ಡೆಗೆ ರೋಗ ಬಿದ್ದು ಸುಮಾರು 10 ಲಕ್ಷ ಜನ ಸತ್ತು, ಇನ್ನೂ 10 ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟು, 1841ರಲ್ಲಿ 81 ಲಕ್ಷ ದಾಟಿದ್ದ ಜನಸಂಖ್ಯೆ 1851ಕ್ಕೆ 65 ಲಕ್ಷದ ಆಸುಪಾಸಿಗೆ ಬಂತು. ಯಾರು ಸತ್ತರು, ಯಾರು ಹೋದರು ಎಂದು ಆ ಪುಸ್ತಕ ಹೇಳುವುದಿಲ್ಲ. ಮೂರು ಮಕ್ಕಳ ಹೆಸರು ಬಂದ ಒಂದು ದಂಪತಿಯ ಹೆಸರು ಮುಂದೆ ಬರುವುದೇ ಇಲ್ಲ, ಅಷ್ಟೆ.

ಹೆಸರುಗಳ ಗೋಜಲು ಇನ್ನೊಂದು. ಪಶ್ಚಿಮದ ಹಳ್ಳಿಗಳಲ್ಲಿ ಮನೆಮಾತು ಐರಿಷ್. ಪುಸ್ತಕದ ಭಾಷೆ ಲ್ಯಾಟಿನ್ ಅಥವಾ ಇಂಗ್ಲಿಷ್. ಮನೆಯಲ್ಲಿ ಷಾನ್ ಎಂದು ಕರೆಸಿಕೊಂಡವನು ಪುಸ್ತಕದಲ್ಲಿ ಜೊಆನ್ನೆಸ್, ಹಡಗಿನಲ್ಲಿ ಜಾನ್. ಲಿಯಾಮ್ ಗುಲಿಯೆಲ್ಮುಸ್ ಆಗಿ ಆಮೇಲೆ ವಿಲಿಯಂ ಆಗುತ್ತಾನೆ. ಟೈಗ್ ಎಂಬ ಅಚ್ಚ ಐರಿಷ್ ಹೆಸರಿನವನನ್ನು ಪಾದ್ರಿ ಥ್ಯಾಡಿಯಸ್ ಎಂದು ಬರೆದರೆ ಇಂಗ್ಲಿಷಿನವರು ಟಿಮೊಥಿ ಎಂದು ಬರೆದರು. ಡೀರ್ಮಿಡ್ ಎಂಬವನು ಕಾರ್ಕ್, ಕೆರಿ ಕಡೆ ಜೆರೆಮಾಯ ಆದ, ಯಾಕೆ ಎಂದು ಕೇಳಬೇಡಿ. ತನ್ನ ಅಮ್ಮ ಕೂಗುತ್ತಿದ್ದ ಹೆಸರು ಯಾವ ಕಾಗದದಲ್ಲೂ ಇಲ್ಲದೆ ಸತ್ತವರು ಲಕ್ಷಾಂತರ. ಕುಲನಾಮದ ಮುಂದಿನ ಓ, ಮ್ಯಾಕ್‌ಗಳು ಬಂದು ಹೋಗಿ ಮಾಡುತ್ತವೆ. ಸಲಿವನ್‌ಗಳೇ ತುಂಬಿದ ಪ್ಯಾರಿಷ್‌ನಲ್ಲಿ ಒಂದೊಂದು ಕವಲಿಗೆ ಒಂದೊಂದು ಅಡ್ಡಹೆಸರು. ಪಾದ್ರಿಗೆ ಅದು ಗೊತ್ತು, ಅಮೆರಿಕದ ಗುಮಾಸ್ತನಿಗೆ ಎಲ್ಲಿಂದ ಗೊತ್ತಾಗಬೇಕು?

ಸುಟ್ಟುಹೋದ ಗಣತಿಗೆ ಒಂದು ಹಿಂಬಾಗಿಲು ಉಳಿದದ್ದು ಪಿಂಚಣಿಯ ಕಾರಣದಿಂದ. ಈ ಪ್ರಸಂಗ ನನಗೆ ಬಲು ಇಷ್ಟ. 1908ರಲ್ಲಿ ಬ್ರಿಟಿಷ್ ಸರ್ಕಾರ ಎಪ್ಪತ್ತು ತುಂಬಿದ ಬಡವರಿಗೆ ವಾರಕ್ಕೆ 5 ಷಿಲಿಂಗ್ ಪಿಂಚಣಿ ಕೊಡುವ ಕಾನೂನು ತಂದಿತು. ಐರ್ಲೆಂಡಿನಲ್ಲಿ ಎಲ್ಲರ ಜನನ ನೋಂದಣಿ ಶುರುವಾದದ್ದೇ 1864ರಲ್ಲಿ. ಹಾಗಾದರೆ ಎಪ್ಪತ್ತು ಎಂದು ತೋರಿಸುವುದು ಹೇಗೆ? 1839ರ ಜನವರಿ 6ರ ರಾತ್ರಿ ದೇಶವನ್ನೆಲ್ಲ ನಡುಗಿಸಿದ ಬಿರುಗಾಳಿಯೊಂದು ಬೀಸಿತ್ತು. ದೊಡ್ಡ ಗಾಳಿಯ ರಾತ್ರಿ ಎಂದೇ ಅದಕ್ಕೆ ಹೆಸರು. ಆ ರಾತ್ರಿ ನೆನಪಿದೆ ಎಂದವರು ಎಪ್ಪತ್ತು ದಾಟಿದವರೇ ಎಂಬ ಲೆಕ್ಕ ಚಾಲ್ತಿಗೆ ಬಂತು. ಹಳ್ಳಿಹಳ್ಳಿಯಲ್ಲೂ ಎಷ್ಟು ಜನರಿಗೆ ಆ ಗಾಳಿ ನೆನಪಾಯಿತೆಂದರೆ, ಸರ್ಕಾರ ಅಂದಾಜು ಮಾಡಿದ್ದಕ್ಕಿಂತ ಬಹಳ ಹೆಚ್ಚು ಅರ್ಜಿಗಳು ಬಂದವು. ನಮ್ಮಲ್ಲಿ ಹಿರಿಯರು ಪ್ಲೇಗು ಬಂದ ವರ್ಷ, ಬರ ಬಿದ್ದ ವರ್ಷ ಎಂದು ವಯಸ್ಸು ಹೇಳುತ್ತಿದ್ದುದು ನೆನಪಾಗದಿರದು.

ಅಧಿಕಾರಿಗಳಿಗೆ ಗಾಳಿಯ ಸಾಕ್ಷಿ ಸಾಲದೆ ಹೋದಾಗ ಅರ್ಜಿದಾರರು ಒಂದು ನಮೂನೆ ತುಂಬಬೇಕಿತ್ತು. ಅಪ್ಪನ ಹೆಸರು, ಅಮ್ಮನ ಹೆಸರು, 1841 ಅಥವಾ 1851ರಲ್ಲಿ ಯಾವ ಹಳ್ಳಿಯಲ್ಲಿ ವಾಸ. ಡಬ್ಲಿನ್ನಿನ ಭಂಡಾರದ ಗುಮಾಸ್ತ ಗಣತಿಯ ಆ ಹಾಳೆಯನ್ನು ಹುಡುಕಿ, ಮಗುವಿನ ವಯಸ್ಸು ಎಷ್ಟೆಂದು ಬರೆದಿತ್ತೋ ಅದನ್ನು ನಮೂನೆಯ ಮೇಲೆ ಗೀಚುತ್ತಿದ್ದ. ಕೆಲವೊಮ್ಮೆ ಸಿಗಲಿಲ್ಲ ಎಂದು, ಕೆಲವೊಮ್ಮೆ ಇಡೀ ಮನೆಯವರ ಪಟ್ಟಿಯನ್ನೇ. ಮೂಲ ಹಾಳೆಗಳು ಹದಿಮೂರು ಹದಿನಾಲ್ಕು ವರ್ಷಗಳಲ್ಲಿ ಬೂದಿಯಾದವು, ಆ ನಮೂನೆಗಳು ಉಳಿದವು. ಇಂದು ಐರ್ಲೆಂಡಿನ ರಾಷ್ಟ್ರೀಯ ದಾಖಲಾಗಾರದಲ್ಲಿ ಅವನ್ನು ನೋಡಬಹುದು. ಒಬ್ಬ ಮುದುಕಿಯ ಮಾತನ್ನು ಸರ್ಕಾರ ನಂಬದೆ ಹೋದದ್ದರಿಂದ ಅವಳ ಅಪ್ಪ ಅಮ್ಮನ ಹೆಸರು ಉಳಿಯಿತು. ಮಾತಿಗೆ ನಂಬಿಕೆ ಸಿಕ್ಕ ಪಕ್ಕದ ಮನೆಯವಳದು ಉಳಿಯಲಿಲ್ಲ.

ಇನ್ನು ಹೊರಟವರ ಕಡೆ. ಹೊರಡುವ ಹಿಂದಿನ ರಾತ್ರಿ ಹಳ್ಳಿಯಲ್ಲಿ ಜಾಗರಣೆ ನಡೆಯುತ್ತಿತ್ತು. ಹೆಣದ ಮುಂದೆ ಕೂರುವ ಹಾಗೆಯೇ ಬೆಳಗಿನವರೆಗೆ ಹಾಡು, ಕುಣಿತ, ಅಳು. ಅಮೆರಿಕದ ಜಾಗರಣೆ ಎಂದೇ ಅದಕ್ಕೆ ಹೆಸರು, ಯಾಕೆಂದರೆ ಹೋದವರು ಮರಳುವುದು ಅಪರೂಪ. ಅಷ್ಟೆಲ್ಲ ನಡೆದರೂ ಹೊರಟದ್ದನ್ನು ಬರೆದುಕೊಂಡವರಿಲ್ಲ. ಬ್ರಿಟಿಷ್ ಬಂದರುಗಳಿಂದ ಹೊರಟವರ ಪಟ್ಟಿಗಳು ಉಳಿದಿರುವುದು 1890ರಿಂದ ಈಚೆಗೆ ಮಾತ್ರ. ಕ್ಷಾಮಕಾಲದವರು ಬಹುಮಟ್ಟಿಗೆ ಮೊದಲು ಲಿವರ್‌ಪೂಲಿಗೆ ದಾಟಿ ಅಲ್ಲಿಂದ ಹಡಗು ಹತ್ತಿದ್ದರಿಂದ ಆ ಅರ್ಧ ದಾರಿಯೂ ಕಾಗದದಲ್ಲಿಲ್ಲ. ಬರೆದುಕೊಂಡದ್ದು ಇಳಿದ ಕಡೆ. ಅಮೆರಿಕ 1819ರಲ್ಲಿ ಮಾಡಿದ ಕಾನೂನಿನ ಪ್ರಕಾರ, 1820ರಿಂದ ಪ್ರತಿ ಹಡಗಿನ ಕಪ್ತಾನ ಪ್ರಯಾಣಿಕರ ಪಟ್ಟಿಯನ್ನು ಸುಂಕದ ಕಟ್ಟೆಗೆ ಕೊಡಬೇಕಿತ್ತು. ಹೆಸರು, ವಯಸ್ಸು, ಗಂಡೋ ಹೆಣ್ಣೋ, ಕಸುಬು, ದೇಶ. ದೇಶದ ಕಾಲಮ್ಮಿನಲ್ಲಿ ಮೇಲಿಂದ ಕೆಳಗಿನವರೆಗೆ ಐರ್ಲೆಂಡ್, ಐರ್ಲೆಂಡ್, ಐರ್ಲೆಂಡ್. ಎಷ್ಟೋ ಪಟ್ಟಿಗಳಲ್ಲಿ ಮೊದಲ ಸಾಲಿನಲ್ಲಿ ಬರೆದು ಕೆಳಗೆಲ್ಲ ಒಂದು ಗೀಟು. ಕೂಲಿ, ಕೂಲಿ, ಮನೆಗೆಲಸ, ಮನೆಗೆಲಸ. ಸುಂಕದವನಿಗೆ ತಲೆಯೆಣಿಕೆ ಸಾಕು. ಕೊನೆಗೆ ವಾಸವಿದ್ದ ಊರು ಯಾವುದು ಎಂಬ ಪ್ರಶ್ನೆ ಪಟ್ಟಿಗೆ ಸೇರಿದ್ದು 1893ರಲ್ಲಿ, ಹುಟ್ಟಿದೂರು ಸೇರಿದ್ದು 1906ರಲ್ಲಿ, ಊರಲ್ಲಿರುವ ಹತ್ತಿರದ ನೆಂಟರ ಹೆಸರು ಸೇರಿದ್ದು 1907ರಲ್ಲಿ. ದೊಡ್ಡ ಅಲೆ ಆಗಲೇ ಹಾದುಹೋಗಿತ್ತು.

ಊರು ಎಂದರೆ ಅಲ್ಲಿ ಟೌನ್‌ಲ್ಯಾಂಡ್. ಹೆಸರು ಕೇಳಿ ಪಟ್ಟಣ ಎಂದುಕೊಳ್ಳಬಾರದು. ಕೆಲವು ನೂರು ಎಕರೆಯ, ಹತ್ತಾರು ಮನೆಗಳ ಒಂದು ತುಂಡು ನೆಲ, ನಮ್ಮ ಮಜರೆಯಂತೆ. ಅಂಥವು ಐರ್ಲೆಂಡಿನಲ್ಲಿ 60,000ಕ್ಕೂ ಹೆಚ್ಚು. ನಮ್ಮಲ್ಲಿ ಹಳ್ಳಿ, ಪುರ ಇರುವ ಹಾಗೆ ಅಲ್ಲಿ ಬ್ಯಾಲಿ ಎಂದರೆ ನೆಲೆ, ಕಿಲ್ ಎಂದರೆ ಬಹುಮಟ್ಟಿಗೆ ಚರ್ಚು, ನಾಕ್ ಎಂದರೆ ಗುಡ್ಡ, ಡೆರಿ ಎಂದರೆ ಓಕ್ ಮರಗಳ ತೋಪು. ಒಂದೇ ಹೆಸರಿನ ಹತ್ತಾರು ಟೌನ್‌ಲ್ಯಾಂಡ್‌ಗಳಿವೆ. ಸಾಲದ್ದಕ್ಕೆ ಸರ್ಕಾರದ ಪ್ಯಾರಿಷ್ ಬೇರೆ, ಕ್ಯಾಥೊಲಿಕ್ ಪ್ಯಾರಿಷ್ ಬೇರೆ, ಎರಡರ ಗಡಿಗಳೂ ತಾಳೆಯಾಗುವುದಿಲ್ಲ. ಟೌನ್‌ಲ್ಯಾಂಡ್ ಗೊತ್ತಾದರೆ ಪ್ಯಾರಿಷ್ ಗೊತ್ತಾಗುತ್ತದೆ, ಪ್ಯಾರಿಷ್ ಗೊತ್ತಾದರೆ ಯಾವ ಪುಸ್ತಕ ತೆರೆಯಬೇಕೆಂದು ಗೊತ್ತಾಗುತ್ತದೆ. ಅದು ಗೊತ್ತಿಲ್ಲದೆ ಬರೀ ಜಾನ್ ಮರ್ಫಿಯನ್ನು ಹುಡುಕುವುದೆಂದರೆ ಧಾರವಾಡ ಜಿಲ್ಲೆಯಲ್ಲಿ ಬಸಪ್ಪನನ್ನು ಹುಡುಕಿದ ಹಾಗೆ.

ಆ ಹೆಸರನ್ನು ಬರೆದುಕೊಂಡವರಲ್ಲಿ ಒಂದು ಬ್ಯಾಂಕು ಇದೆ. 1850ರಲ್ಲಿ ನ್ಯೂಯಾರ್ಕಿನ ಐರಿಷ್ ವಲಸಿಗರ ಸಂಘದವರು ಎಮಿಗ್ರಂಟ್ ಸೇವಿಂಗ್ಸ್ ಬ್ಯಾಂಕ್ ತೆರೆದರು. ಖಾತೆದಾರರಲ್ಲಿ ಬಹಳ ಜನರಿಗೆ ಸಹಿ ಬಾರದು, ಹೆಸರುಗಳು ಒಂದೇ ಥರ. ಹಣ ತೆಗೆಯಲು ಬಂದ ಮೇರಿ ಸಲಿವನ್ ನಿಜವಾಗಿ ಆ ಮೇರಿ ಸಲಿವನ್ನೇ ಎಂದು ಹೇಗೆ ಗೊತ್ತಾಗಬೇಕು? ಅದಕ್ಕಾಗಿ ಖಾತೆ ತೆರೆಯುವಾಗಲೇ ಪ್ರಶ್ನೆ ಕೇಳಿ ಪರೀಕ್ಷೆಯ ಪುಸ್ತಕದಲ್ಲಿ ಬರೆದಿಟ್ಟರು. ಯಾವ ಕೌಂಟಿ, ಯಾವ ಪ್ಯಾರಿಷ್, ಯಾವ ಟೌನ್‌ಲ್ಯಾಂಡ್, ಯಾವ ವರ್ಷ ಯಾವ ಹಡಗಿನಲ್ಲಿ ಬಂದದ್ದು, ಅಪ್ಪ ಯಾರು, ಅಮ್ಮನ ತವರಿನ ಹೆಸರೇನು, ಅಣ್ಣತಮ್ಮಂದಿರು ಎಲ್ಲಿದ್ದಾರೆ, ಇದ್ದಾರೋ ಇಲ್ಲವೋ. ಇಂದು ನಮ್ಮ ಬ್ಯಾಂಕುಗಳು ತಾಯಿಯ ಮದುವೆಗೆ ಮುಂಚಿನ ಹೆಸರು ಕೇಳಿದಾಗ ರೇಗುತ್ತೇವೆ. ಆ ಪುಸ್ತಕಗಳು ಈಗ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿವೆ. ಸುಂಕದ ಕಟ್ಟೆಯಲ್ಲಿ ಐರ್ಲೆಂಡ್ ಎಂಬ ಒಂದು ಪದದಲ್ಲಿ ಮುಗಿದುಹೋದ ಬದುಕು ಇಲ್ಲಿ ಅರ್ಧ ಪುಟ ತುಂಬುತ್ತದೆ.

ಇತಿಹಾಸಕಾರ ಟೈಲರ್ ಆನ್‌ಬಿಂಡರ್ ಈ ಪುಸ್ತಕಗಳನ್ನು ಓದಿ ಒಂದು ಸ್ವಾರಸ್ಯ ಕಂಡರು. ಮ್ಯಾನ್‌ಹಟನ್ನಿನ ಫೈವ್ ಪಾಯಿಂಟ್ಸ್ ಎಂಬ ಕುಖ್ಯಾತ ಕೊಳೆಗೇರಿಯ ಖಾತೆದಾರರಲ್ಲಿ ಬಹಳ ಮಂದಿ ಕೆರಿ ಕೌಂಟಿಯ ಒಂದೇ ಜಮೀನ್ದಾರಿಯವರು, ಲ್ಯಾನ್ಸ್‌ಡೌನ್ ಮಾರ್ಕ್ವಿಸ್‌ನ ಒಕ್ಕಲುಗಳು. ಬಡ ಒಕ್ಕಲನ್ನು ವರ್ಕ್‌ಹೌಸಿನಲ್ಲಿ ಒಂದು ವರ್ಷ ಸಾಕುವ ಖರ್ಚಿಗಿಂತ ಅಮೆರಿಕದ ಟಿಕೆಟ್ ಅಗ್ಗ ಎಂದು 1851ರಲ್ಲಿ ಲೆಕ್ಕ ಹಾಕಿದ ಅವನ ಏಜೆಂಟ್ ವಿಲಿಯಂ ಸ್ಟೂಅರ್ಟ್ ಟ್ರೆಂಚ್ ಸಾವಿರಾರು ಜನರನ್ನು ಹಡಗು ಹತ್ತಿಸಿದ್ದ. ಚಿಂದಿ ಬಟ್ಟೆಯಲ್ಲಿ ಬಂದಿಳಿದ ಆ ಜನ ಕೆಲವೇ ವರ್ಷಗಳಲ್ಲಿ, ಅದೇ ಕೊಳೆಗೇರಿಯಲ್ಲಿ ಇದ್ದುಕೊಂಡೇ, ಯಾರೂ ಊಹಿಸದಷ್ಟು ಹಣ ಉಳಿಸಿದ್ದರು ಎಂದು ಖಾತೆಗಳು ತೋರಿಸಿದವು. ಆ ಮಾರ್ಕ್ವಿಸ್‌ನ ಮೊಮ್ಮಗನೇ 1888ರಿಂದ 1894ರವರೆಗೆ ಭಾರತದ ವೈಸ್‌ರಾಯ್. ಮೈಸೂರಿನಲ್ಲಿ ಓದಿದವರು ಹಳೆಯ ಪುಸ್ತಕ ಹುಡುಕಿಕೊಂಡು ಹೋಗುತ್ತಿದ್ದ ಲ್ಯಾನ್ಸ್‌ಡೌನ್ ಕಟ್ಟಡಕ್ಕೆ ಹೆಸರು ಬಂದದ್ದು ಅವನಿಂದ. 2012ರಲ್ಲಿ ಅದರ ಒಂದು ಭಾಗ ಕುಸಿದು ಜೀವಹಾನಿಯಾದದ್ದು ನೆನಪಿರಬಹುದು.

ಬ್ಯಾಂಕಿನಷ್ಟೇ ಬೆಲೆಯುಳ್ಳದ್ದು ಬಾಸ್ಟನ್ನಿನ ಪೈಲಟ್ ಎಂಬ ಕ್ಯಾಥೊಲಿಕ್ ಪತ್ರಿಕೆ. 1831ರಿಂದ 1921ರವರೆಗೆ ತೊಂಬತ್ತು ವರ್ಷ ಅದರಲ್ಲಿ ಕಾಣೆಯಾದ ನೆಂಟರಿಷ್ಟರನ್ನು ಹುಡುಕುವ ಜಾಹೀರಾತುಗಳು ಬಂದವು. ಅಣ್ಣನನ್ನು ಹುಡುಕುವ ತಂಗಿ, ರೈಲುಹಳಿ ಹಾಕಲು ಹೋಗಿ ಸುದ್ದಿಯಿಲ್ಲದ ಗಂಡನನ್ನು ಹುಡುಕುವ ಹೆಂಡತಿ, ಊರಿನಿಂದ ಈಗಷ್ಟೇ ಬಂದಿಳಿದು ಅಪ್ಪನ ವಿಳಾಸ ತಪ್ಪಿಹೋದ ಮಕ್ಕಳು. ಜಾಹೀರಾತಿಗೆ ದುಡ್ಡು ಕೊಡಬೇಕಿತ್ತು, ಆದರೂ ಊರಿನ ಹೆಸರನ್ನು ಯಾರೂ ಬಿಡುತ್ತಿರಲಿಲ್ಲ. ಕೌಂಟಿ, ಪ್ಯಾರಿಷ್, ಎಷ್ಟೋ ಸಲ ಟೌನ್‌ಲ್ಯಾಂಡ್. ಓದುವವನು ಅದೇ ಕಡೆಯವನಾಗಿದ್ದರೆ ಗುರುತು ಹಿಡಿದಾನು ಎಂಬ ಆಸೆ. ಈ ಜಾಹೀರಾತುಗಳನ್ನು ನಾನು ಒಂದು ಸಲಕ್ಕೆ ಹತ್ತಿಪ್ಪತ್ತಕ್ಕಿಂತ ಹೆಚ್ಚು ಓದಲಾರೆ.

ಹೀಗೆ ಊರು ಕೇಳಿ ಬರೆದುಕೊಂಡ ಇನ್ನಿಬ್ಬರು ಜೈಲಿನವರು ಮತ್ತು ವರ್ಕ್‌ಹೌಸಿನವರು. ಐರ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಗಡೀಪಾರಾದ ಕೈದಿಗಳ ಪಟ್ಟಿಗಳಲ್ಲಿ ಎತ್ತರ, ಮೈಬಣ್ಣ, ಅಪರಾಧ, ಹುಟ್ಟಿದ ಸ್ಥಳ ಎಲ್ಲ ಇವೆ. 1848ರಿಂದ 1850ರ ನಡುವೆ ವರ್ಕ್‌ಹೌಸುಗಳಿಂದ 4,000ಕ್ಕೂ ಹೆಚ್ಚು ಅನಾಥ ಹುಡುಗಿಯರನ್ನು ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ಸಿಡ್ನಿಯಲ್ಲಿ ಇಳಿದವರ ಪಟ್ಟಿಯಲ್ಲಿ ಸತ್ತ ಅಪ್ಪ ಅಮ್ಮಂದಿರ ಹೆಸರುಗಳೂ ಇವೆ. ಸ್ವಂತ ದುಡ್ಡಿನಲ್ಲಿ, ಯಾರ ಹಂಗೂ ಇಲ್ಲದೆ ನ್ಯೂಯಾರ್ಕಿಗೆ ಹೋದ ಮರ್ಯಾದಸ್ಥ ರೈತನ ಮಗನಿಗೆ ಅಷ್ಟು ಗಮನ ಸಿಗಲಿಲ್ಲ.

ಊರಿನ ಕೊಂಡಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಆ್ಯನಿ ಮೂರ್ ಸಾಕ್ಷಿ. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ವಲಸೆ ಕೇಂದ್ರ ತೆರೆದಾಗ ಮೊದಲು ಒಳಬಂದವಳು ಕಾರ್ಕ್‌ನ ಈ ಹುಡುಗಿ. ನೆವಾಡ ಎಂಬ ಹಡಗಿನಲ್ಲಿ ಇಬ್ಬರು ತಮ್ಮಂದಿರ ಜೊತೆ, ಮೊದಲೇ ಬಂದಿದ್ದ ಅಪ್ಪ ಅಮ್ಮನನ್ನು ಸೇರಲು ಹೊರಟವಳು. ಅಧಿಕಾರಿಗಳು 10 ಡಾಲರಿನ ಚಿನ್ನದ ನಾಣ್ಯ ಕೊಟ್ಟರು. ಅಂದೇ ಅವಳ ಹದಿನೈದನೆಯ ಹುಟ್ಟುಹಬ್ಬ ಎಂದು ಪತ್ರಿಕೆಗಳು ಬರೆದವು. ಆಮೇಲೆ ಅವಳೇನಾದಳು? ಟೆಕ್ಸಸ್‌ಗೆ ಹೋಗಿ, ಮದುವೆಯಾಗಿ, 1923ರಲ್ಲಿ ಟ್ರಾಮಿಗೆ ಸಿಕ್ಕಿ ಸತ್ತಳು ಎಂಬ ಕಥೆ ದಶಕಗಟ್ಟಲೆ ಚಾಲ್ತಿಯಲ್ಲಿತ್ತು. ಆ ಟೆಕ್ಸಸ್ ಮನೆತನದವರನ್ನೇ ಸಮಾರಂಭಗಳಿಗೆ ಕರೆಯುತ್ತಿದ್ದರು. ಮೇಗನ್ ಸ್ಮೊಲೆನ್ಯಾಕ್ ಎಂಬ ವಂಶಾವಳಿ ಸಂಶೋಧಕಿ ಗಣತಿಯ ಹಾಳೆಗಳನ್ನು ತೆಗೆದು ನೋಡಿದರೆ, ಟೆಕ್ಸಸ್‌ನ ಆ್ಯನಿ ಮೂರ್ ಹುಟ್ಟಿದ್ದು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ! 2006ರಲ್ಲಿ ಸ್ಮೊಲೆನ್ಯಾಕ್ 1,000 ಡಾಲರ್ ಬಹುಮಾನ ಘೋಷಿಸಿ ಹುಡುಕಿಸಿದರು. ತಮ್ಮ ಫಿಲಿಪ್‌ನ ಜಾಡು ಹಿಡಿದು ಹೋದಾಗ ನಿಜವಾದ ಆ್ಯನಿ ಸಿಕ್ಕಳು. ಅವಳು ನ್ಯೂಯಾರ್ಕ್ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಮ್ಯಾನ್‌ಹಟನ್ನಿನ ಲೋಯರ್ ಈಸ್ಟ್ ಸೈಡ್‌ನ ಬಡ ಬಾಡಿಗೆ ಮನೆಗಳಲ್ಲೇ ಇದ್ದು, ಜರ್ಮನ್ ಮೂಲದವನನ್ನು ಮದುವೆಯಾಗಿ, ಹತ್ತಕ್ಕೆ ಕಡಿಮೆಯಿಲ್ಲದಷ್ಟು ಮಕ್ಕಳನ್ನು ಹೆತ್ತು, ಅರ್ಧಕ್ಕರ್ಧ ಕೂಸುಗಳನ್ನು ಕಳೆದುಕೊಂಡು, 1924ರಲ್ಲಿ ತೀರಿಕೊಂಡಿದ್ದಳು. ಹಡಗು ಇಳಿದಾಗ ಅವಳಿಗೆ ಹದಿನೇಳು. ಕ್ವೀನ್ಸ್‌ನ ಸ್ಮಶಾನದಲ್ಲಿ ಅವಳ ಸಮಾಧಿಗೆ 2008ರವರೆಗೆ ಕಲ್ಲೂ ಇರಲಿಲ್ಲ. ಪಶ್ಚಿಮದ ಬಯಲಿಗೆ ಹೋಗಿ ಬಾಳಿದ ಕಥೆ ಜನರಿಗೆ ಇಷ್ಟವಾಗಿತ್ತು, ಇಳಿದ ಕಡೆಯೇ ನಿಂತು ನವೆದವಳ ಕಥೆಯನ್ನು ಯಾರೂ ಹುಡುಕಿರಲಿಲ್ಲ ಎಂದೇ ನನಗನ್ನಿಸುವುದು.

ನಾನು ಇದನ್ನೆಲ್ಲ ದೂರದ ಕಥೆಯೆಂದು ಓದುತ್ತಿದ್ದೆ, ನಮ್ಮ ಊರುಗಳ ಹೆಸರು ಕಾಣಿಸುವ ತನಕ. ಹಡಗು ಹತ್ತಿದವರೆಲ್ಲ ಪಶ್ಚಿಮಕ್ಕೆ ಹೋಗಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಯುರೋಪಿಯನ್ ಪಡೆಗಳಿಗೆ ಐರ್ಲೆಂಡ್ ದೊಡ್ಡ ಆಳುಗಳ ಕಣಜ. 1825ರಿಂದ 1850ರ ನಡುವೆ ಬಂಗಾಳ ಸೇನೆಗೆ ಸೇರಿದ ಯುರೋಪಿಯನ್ನರಲ್ಲಿ ಅರ್ಧಕ್ಕೆ ಸಮೀಪ ಐರಿಷರು. ಕಂಪನಿಯ ಮದ್ರಾಸ್ ಮತ್ತು ಬಾಂಬೆಯ ಯುರೋಪಿಯನ್ ರೆಜಿಮೆಂಟುಗಳು ರಾಣಿಯ ಕೈಗೆ ಹೋಗಿ ರಾಯಲ್ ಮದ್ರಾಸ್ ಫ್ಯೂಸಿಲಿಯರ್ಸ್, ರಾಯಲ್ ಬಾಂಬೆ ಫ್ಯೂಸಿಲಿಯರ್ಸ್ ಆದವು. 1881ರಲ್ಲಿ ಅವೆರಡನ್ನೂ ಕೂಡಿಸಿ ಮಾಡಿದ ಪಡೆಯೇ ರಾಯಲ್ ಡಬ್ಲಿನ್ ಫ್ಯೂಸಿಲಿಯರ್ಸ್. ಚೆನ್ನೈ, ಮುಂಬಯಿಗಳಲ್ಲಿ ಹುಟ್ಟಿದ ಪಡೆ ಡಬ್ಲಿನ್ನಿನ ಹೆಸರು ಹೊತ್ತಿತು. ಅದನ್ನು ವಿಸರ್ಜಿಸಿದ್ದು 1922ರ ಜುಲೈಯಲ್ಲಿ, ದಾಖಲೆ ಭಂಡಾರ ಸುಟ್ಟ ಮರುತಿಂಗಳು.

ಬೆಂಗಳೂರಿನ ದಂಡು 1809ರಲ್ಲಿ ನೆಲೆಗೊಂಡದ್ದು ಮದ್ರಾಸ್ ಸೇನೆಯ ಲೆಕ್ಕದಲ್ಲಿ. ಅಲ್ಲಿಯ ಒಂದು ಹಳೆಯ ಕ್ಯಾಥೊಲಿಕ್ ಚರ್ಚಿಗೆ ಐರ್ಲೆಂಡಿನ ಸಂತ ಪ್ಯಾಟ್ರಿಕ್‌ನ ಹೆಸರಿದೆ. ಬ್ರಿಗೇಡ್ ರಸ್ತೆಯ ಕಡೆ ಓಡಾಡಿದವರಿಗೆ ಗೊತ್ತು. ದಂಡಿನ ಪಾದ್ರಿಗಳು ಬರೆದ ಜ್ಞಾನಸ್ನಾನ, ಮದುವೆ, ಸಮಾಧಿಯ ಪ್ರತಿಗಳು ಮದ್ರಾಸಿಗೆ, ಅಲ್ಲಿಂದ ಲಂಡನ್ನಿಗೆ ಹೋಗುತ್ತಿದ್ದವು. ಇಂದು ಬ್ರಿಟಿಷ್ ಲೈಬ್ರರಿಯಲ್ಲಿ ಮದ್ರಾಸ್, ಬಾಂಬೆ, ಬಂಗಾಳ ಎಂದು ಮೂರು ಸಾಲುಗಳಲ್ಲಿ ಅವಿವೆ. ಕ್ಯಾಥೊಲಿಕ್ ಪಾದ್ರಿಗಳ ಪ್ರತಿಗಳು ಅಷ್ಟು ಕ್ರಮವಾಗಿ ಹೋಗಲಿಲ್ಲವಾದ್ದರಿಂದ ಐರಿಷ್ ಸಿಪಾಯಿಗಳ ವಿಷಯದಲ್ಲಿ ಅಲ್ಲೂ ಸಂದುಗಳಿವೆ. ಆದರೂ ಒಂದು ಸಂಗತಿ ಗಮನಿಸಿ. ತವರಿನ ಪ್ಯಾರಿಷ್‌ನಲ್ಲಿ ಹುಟ್ಟಿನ ಸಾಲಿದೆ, ಸಾವಿನ ಪುಸ್ತಕವೇ ಇಲ್ಲ. ಬೆಂಗಳೂರಿನಲ್ಲೋ ಬಳ್ಳಾರಿಯಲ್ಲೋ ಸತ್ತವನ ಸಾವು, ವಯಸ್ಸು, ಹುದ್ದೆ ಬರೆದಿದೆ, ಹುಟ್ಟಿದೂರು ಬರೆದಿಲ್ಲ.

ಆ ಊರು ಬೇಕಾದರೆ ಇನ್ನೊಂದು ಕಡೆ ನೋಡಬೇಕು. ಬದುಕುಳಿದು ಸೈನ್ಯದಿಂದ ಬಿಡುಗಡೆಯಾಗಿ ಪಿಂಚಣಿ ಪಡೆದವರ ಕಾಗದಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲಾಗಾರದಲ್ಲಿವೆ. ಬೇರೊಬ್ಬ ಬಂದು ಅವನ ಹೆಸರಿನಲ್ಲಿ ಪಿಂಚಣಿ ಹೊಡೆಯಬಾರದಲ್ಲ, ಹಾಗಾಗಿ ಎಲ್ಲವನ್ನೂ ಬರೆದುಕೊಂಡಿದ್ದಾರೆ. ಎತ್ತರ ಇಷ್ಟು, ಕಣ್ಣು ಈ ಬಣ್ಣ, ಕೂದಲು ಈ ಬಣ್ಣ, ಸೇರುವ ಮೊದಲಿನ ಕಸುಬು ಕೂಲಿ ಅಥವಾ ನೇಕಾರಿಕೆ, ಹುಟ್ಟಿದ್ದು ಇಂಥ ಕೌಂಟಿಯ ಇಂಥ ಪಟ್ಟಣದ ಹತ್ತಿರದ ಇಂಥ ಪ್ಯಾರಿಷ್‌ನಲ್ಲಿ.